ದತ್ತುವಿನ ತಂಪು ಬಿಲ್ಲೆ

ಉಷ್ಣ ಎಂಬ ಒಂದು ಮಾತು ಬಾಯಿಂದ ಜಾರಿದ್ದೇ ದತ್ತುವಿನ ಗ್ರಹಚಾರಕ್ಕೆ ಮೂಲ.

ರಾಯಚೂರಿನ ದತ್ತು ಸಿ.ವಿ. ರಾಮನ್ ನಗರದ ಅಮ್ಮಣ್ಣಿಯಮ್ಮನ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ. ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಲೋಹ ಕರಗಿಸಿ ಒಂದು ಬಿಲ್ಲೆ ಮಾಡಿದ್ದ. ಆಯಸ್ಕಾಂತದ ನಡುವೆ ಇಟ್ಟರೆ ಅದು ಬಿಸಿಯಾಗಬೇಕು, ಹೊರಗೆಳೆದರೆ ತಂಪಾಗಬೇಕು. ಮುಂದೊಂದು ದಿನ ಅದರಿಂದ ಗ್ಯಾಸಿಲ್ಲದ ಫ್ರಿಜ್ಜು ಮಾಡಬಹುದು. ಅವತ್ತು ದಿಲ್ಲಿಯ ಸಮಿತಿ ಬರುವುದಿತ್ತು. ಎರಡು ಡಿಗ್ರಿ ವ್ಯತ್ಯಾಸ ತೋರಿಸಿದರೆ ಯೋಜನೆ ಉಳಿದೀತು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಲ್ಯಾಬಿನಲ್ಲಿ ಯಾರಾದರೂ ಮುಟ್ಟಿ ಕೆಡಿಸಿಯಾರೆಂದು ಬಿಲ್ಲೆಯನ್ನು ಮನೆಗೇ ತಂದಿದ್ದ.

ಕಾಫಿ ತಂದ ಅಮ್ಮಣ್ಣಿಯಮ್ಮ, "ಏನಪ್ಪ ಅದು, ಚಕ್ಕುಲಿ ಒರಳಿನ ಬಿಲ್ಲೆ ಇದ್ದಂಗಿದೆ?" ಎಂದರು.

"ತಂಪು ಮಾಡೋ ಲೋಹ ರೀ. ಉಷ್ಣ ಎಳ್ಕೋತದ," ಎಂದು ದತ್ತು ಸ್ನಾನಕ್ಕೆ ಹೋದ. ಬರುವಷ್ಟರಲ್ಲಿ ಬಿಲ್ಲೆ ಮಾಯ.

"ಕಣ್ಣುರೀತಿತ್ತು, ಒಂದ್ ಗಳಿಗೆ ಒತ್ಕೊಂಡೆ. ಹರಳೆಣ್ಣೆ ಏನೂ ಅಲ್ಲ ಬಿಡು ಇದರ ಮುಂದೆ! ಪಕ್ಕದ್ಮನೆ ಜಹನಾರಾಗೆ ಅಂಗಾಲುರಿ, ಪಾಪ, ಕೊಟ್ಟಿದ್ದೀನಿ," ಎಂದರು ಅಮ್ಮಣ್ಣಿಯಮ್ಮ.

ದತ್ತು ಟವಲಿನಲ್ಲೇ ಓಡಿದ.

"ಬಹುತ್ ಅಚ್ಛಾ ಹೈ ಭಾಯ್!" ಎಂದಳು ಜಹನಾರಾ. "ಕಾಲಿಗೆ ಕಟ್ಕೊಂಡೆ, ಉರಿ ಎಲ್ಲಾ ಹೋಯ್ತು. ಎದುರುಮನೆ ರಾಮಾಂಜಿನಪ್ಪನೋರು ಈಗ ತಗೊಂಡೋದ್ರು."

ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ರಾಮಾಂಜಿನಪ್ಪ ಜಗಲಿಯ ಕುರ್ಚಿಯಲ್ಲಿ, ಕಾವಿಗೆ ಕೂತ ಕೋಳಿಯ ಹಾಗೆ, ಅಲುಗಾಡದೆ ಕೂತಿದ್ದರು.

"ಸಾರ್, ನನ್ನ ಬಿಲ್ಲೆ..."

"ಕೂಗ್ಬೇಡಪ್ಪ. ನಂದು ಮೂಲವ್ಯಾಧಿ. ಇಪ್ಪತ್ತು ವರ್ಷದ ಉಷ್ಣ ಐದ್ ನಿಮಿಷಕ್ಕೆ ಇಳಿಯುತ್ತಾ?"

"ಸಾರ್, ಅದು ಸರ್ಕಾರದ್ದು!"

"ನಾನೂ ಸರ್ಕಾರದೋನೇ!"

ಕೊನೆಗೆ ಅಮ್ಮಣ್ಣಿಯಮ್ಮನೇ ಬಂದು, "ಏಳ್ರೀ ಮೇಲೆ! ಹುಡುಗನ ಅನ್ನದ ಪ್ರಶ್ನೆ," ಎಂದು ಗದರಿಸಿ ಬಿಲ್ಲೆಯನ್ನು ಬಿಡಿಸಿಕೊಂಡರು. "ತೊಳೆದು ತರ್ತೀನಿ. ನೀನು ಮೊದ್ಲು ಪ್ಯಾಂಟ್ ಹಾಕ್ಕೋ ಮಾರಾಯ."

ಪ್ಯಾಂಟು ಹಾಕಿದ್ದಾಯಿತು, ಸ್ಕೂಟರು ಮಾತ್ರ ಹಟಮಾರಿ ಎಮ್ಮೆಯಂತೆ ಎಷ್ಟು ಒದ್ದರೂ ಅಲುಗಲಿಲ್ಲ. ಗಂಟೆ ಕಳೆದ ಮೇಲೆ ಅದು ಕೆಮ್ಮಿ ಹೊರಟಾಗ ಅಮ್ಮಣ್ಣಿಯಮ್ಮ ಅಗಲಬಾಯಿಯ ಫ್ಲಾಸ್ಕು ಕೈಗಿಟ್ಟರು. "ಒಳಗಿದೆ. ದಾರೀಲಿ ಮುಚ್ಚಳ ತೆಗೀಬೇಡ."

ಲ್ಯಾಬಿನಲ್ಲಿ ಸಮಿತಿ ಆಗಲೇ ಗಡಿಯಾರ ನೋಡುತ್ತಿತ್ತು. ಸಹಾಯಕ ಫ್ಲಾಸ್ಕಿನಿಂದ ಬಿಲ್ಲೆಯನ್ನು ಇಕ್ಕಳದಲ್ಲೆತ್ತಿ, ಉಷ್ಣಮಾಪಕದ ತಂತಿ ಸಿಕ್ಕಿಸಿ, ಆಯಸ್ಕಾಂತದೊಳಗೆ ತಳ್ಳಿದ. ದತ್ತು ಕಣ್ಣು ಮುಚ್ಚಿ ಮನೆದೇವರನ್ನು ನೆನೆದ.

"ಎಷ್ಟು ಏರ್ತು?" ಎಂದರು ಅಧ್ಯಕ್ಷರು.

"ಹದಿನೆಂಟು ಡಿಗ್ರಿ ಸಾರ್! ಇನ್ನೂ ಏರ್ತಾನೇ ಇದೆ!"

ಚಪ್ಪಾಳೆಯೋ ಚಪ್ಪಾಳೆ. ಹೊರಗೆಳೆದು ನೋಡುವ ತಾಳ್ಮೆಯೂ ಯಾರಿಗೂ ಉಳಿಯಲಿಲ್ಲ.

"ಎಕ್ಸಲೆಂಟ್! ಮುಂದಿನ ತಿಂಗಳು ದಿಲ್ಲೀಲಿ ಮಂತ್ರಿಗಳ ಮುಂದೆ ಇದನ್ನೇ ತೋರಿಸ್ಬೇಕು. ಹದಿನೆಂಟಕ್ಕಿಂತ ಒಂದು ಕಡಿಮೆಯಾದ್ರೂ ಯೋಜನೆ ಕ್ಲೋಸ್," ಎಂದರು ಅಧ್ಯಕ್ಷರು.

ಸಂಜೆ ದತ್ತು ಮೈಸೂರುಪಾಕು ಹಿಡಿದು ಬಂದ. "ಹದಿನೆಂಟು ಡಿಗ್ರಿ ರೀ ಅಮ್ಮ! ಹೆಂಗಾತೋ ಗೊತ್ತಿಲ್ಲ."

"ಹೆಂಗೆ ಅಂದ್ರೆ?" ಅಮ್ಮಣ್ಣಿಯಮ್ಮ ಬೀಗಿದರು. "ನಮ್ಮ ಮೂವರ ಉಷ್ಣ ಎಳೆದೂ ಎಳೆದೂ ಅದರ ತಂಪೆಲ್ಲ ಖಾಲಿಯಾಗಿತ್ತು ಕಣಪ್ಪ. ಪುಣ್ಯಕ್ಕೆ ನಿನ್ ಸ್ಕೂಟರ್ ಕೆಟ್ಟಿತ್ತು. ಅಷ್ಟೊತ್ತೂ ಫ್ರೀಜರ್‌ನಲ್ಲಿಟ್ಟು ತುಂಬಿಸ್ದೆ."

ದತ್ತುವಿನ ಬಾಯಲ್ಲಿದ್ದ ಮೈಸೂರುಪಾಕು ಅಲ್ಲೇ ನಿಂತಿತು. ಡಿಗ್ರಿ ಏರಿದ್ದು ಆಯಸ್ಕಾಂತದಿಂದಲ್ಲ, ಫ್ರೀಜರಿನ ಚಳಿ ಬಿಟ್ಟಿದ್ದರಿಂದ ಎಂದು ಹೊಳೆದು ಕಣ್ಣಲ್ಲಿ ನೀರೇ ಬಂತು.

"ಅಳ್ಬೇಡಪ್ಪ," ಎಂದರು ಅಮ್ಮಣ್ಣಿಯಮ್ಮ, "ದಿಲ್ಲಿಗೂ ಹಂಗೇ ಮಾಡಿ ಕಳಿಸ್ತೀನಿ."