ಬಾಲದ ಕಡೆಯ ಕಲಾವಿದ

ನಮ್ಮ ಮಸಿನಗುಡಿಯಲ್ಲಿ ಆನೆಯ ಬಾಲವನ್ನು ನನ್ನ ಜೊತೆಗಾರನಷ್ಟು ಚೆನ್ನಾಗಿ ಬರೆಯುವವರು ಇನ್ನೊಬ್ಬರಿಲ್ಲ. ತಲೆ? ಅದರ ಗೊಡವೆಗೇ ಹೋಗುವುದಿಲ್ಲ ಪುಣ್ಯಾತ್ಮ! ರಿಸಾರ್ಟಿನ ಗೋಡೆಗಳ ಮೇಲೆ ಕಾಡು, ಪ್ರಾಣಿ ಬರೆಯುವುದು ನಮ್ಮಿಬ್ಬರ ಕಸುಬು. ವಯಸ್ಸಿನಲ್ಲಿ ಹಿರಿಯನಾದ್ದರಿಂದ ನನಗವನು ಅಣ್ಣ. ಗೋಡೆಯ ಎಡತುದಿಯಿಂದ ನಾನು ಶುರು ಮಾಡಬೇಕು, ಬಲತುದಿಯಿಂದ ಅವನು. ನಡುವೆ ಎಲ್ಲೋ ಕೂಡಬೇಕು. ಮೊದಲು ಸ್ಕೆಚ್ ಹಾಕಿಕೊಳ್ಳೋಣ ಎಂದರೆ ಅವನಿಗೆ ಮೈಯೆಲ್ಲ ಉರಿ.

“ಕಾಡ್ನಲ್ಲಿ ಆನೆ ಸ್ಕೆಚ್ ಹಾಕ್ಕಂಡು ಹುಟ್ತದೇನ್ಲಾ?”

ಬಾಲದ ಕಡೆಯೇ ಯಾಕೆ ಅಂತ ಕೇಳಿದ್ದೆ.

“ತಲೆ ಕಡೆ ಎಲ್ರೂ ತಪ್ಪು ಹುಡುಕ್ತಾರೆ. ಬಾಲದ ಕಡೆ ನೆಮ್ದಿ ಕಣ್ಲಾ.”

ಒಮ್ಮೆ ನಾನು ಸ್ಟೂಲಿನ ಮೇಲೆ ನಿಂತು ಆನೆಯ ಮುಂಭಾಗ ಬರೆದೆ. ಅವನು ಎಂದಿನಂತೆ ಪೇಂಟ್ ಡಬ್ಬದ ಮೇಲೆ ಕೂತು ಹಿಂಭಾಗ ಬರೆದ. ನಡುವೆ ಕೂಡಿದಾಗ ನೋಡುತ್ತೇವೆ, ನನ್ನ ಆನೆಯ ಮೊಣಕಾಲಿಗೆ ಅವನ ಆನೆಯ ಬೆನ್ನು! ನಾನು ಅಳಿಸಲು ಬಿಳಿ ಬಣ್ಣದ ಡಬ್ಬ ಹುಡುಕತೊಡಗಿದೆ. ಅಣ್ಣ ನಿಧಾನವಾಗಿ ಟೀ ಕುಡಿದು ಮುಗಿಸಿದ. ನನ್ನ ಆನೆಯ ಇಲ್ಲದ ಹಿಂಭಾಗವನ್ನು ಒಂದು ಲಂಟಾನ ಪೊದೆಯಲ್ಲಿ ಮುಚ್ಚಿದ. ತನ್ನದನ್ನು ಮರಿಯಾನೆ ಎಂದು ಘೋಷಿಸಿದ. ಆ ಮರಿಗೆ ತಲೆ ಬರೆಯುವ ಕೆಲಸ ಯಾರಿಗೆ ಬಂತು ಎಂದು ಬೇರೆ ಹೇಳಬೇಕೆ? ಈಗ ಪ್ರವಾಸಿಗಳು ಅಲ್ಲೇ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ತಾಯಿ-ಮರಿ ಐಡಿಯಾ ಯಾರದೆಂದು ಮಾಲೀಕರು ಕೇಳಿದಾಗ, “ಇಬ್ರೂ ಕೂತು ಯೋಚ್ನೆ ಮಾಡ್ದೋ ಸಾರ್” ಎಂದ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಇನ್ನೊಂದು ಚಾಳಿಯಿದೆ. ಒಣಹುಲ್ಲಿನ ಬಣ್ಣ ಸರಿಯಿಲ್ಲ ಎನಿಸಿದರೆ ಕೆಲಸ ಬಿಟ್ಟು ಹುಲ್ಲು ನೋಡಲು ಹೊರಡುತ್ತಾನೆ. ಹೋಗುವಾಗ ನನ್ನ ಬ್ರಷ್ಷುಗಳನ್ನೂ ಜೇಬಿಗೆ ಇಳಿಸುತ್ತಾನೆ! ಇದ್ಯಾವ ನ್ಯಾಯ ಎಂದು ಜಗಳಕ್ಕೆ ನಿಂತೆ.

“ನೀನೊಬ್ನೇ ಮುಗಿಸ್ಬುಟ್ರೆ ಅದು ಬರೀ ಚೆಂದಾಗಿರ್ತದೆ,” ಎಂದ. “ಇಬ್ರೂ ಬರುದ್ರೆ ನೋಡೋರು ನಿಂತ್ಕತಾರೆ.”

 ಬ್ರಷ್ ಬರುವ ತನಕ ನಾನೂ ಪೇಂಟ್ ಡಬ್ಬದ ಮೇಲೆ ಕೂತೆ.

ಈ ವರ್ಷ ಅವನ ಬಲಗೈ ನಡುಗತೊಡಗಿದೆ. ಊಟಿಯ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ನಡುಕ ಮಾತ್ರ ಹೋಗಿಲ್ಲ. ಮೊನ್ನೆ ಹೊಸ ಗೋಡೆಯೊಂದರಲ್ಲಿ ಹುಲ್ಲುಗಾವಲು ಬರೆಯುತ್ತಿದ್ದೆವು. ನನ್ನ ಕಡೆ ಹುಲ್ಲು ನೆಟ್ಟಗೆ ನಿಂತಿತ್ತು. ಅವನ ಕಡೆ ಎಳೆಎಳೆಯೂ ಸೊಟ್ಟ. ಎರಡನ್ನೂ ನೋಡಿ ಬ್ರಷ್ಷನ್ನು ನೀರಿನ ಡಬ್ಬಕ್ಕೆ ಹಾಕಿದ.

“ನಂದು ಅಳಿಸ್ಬುಡು. ಇನ್ಮೇಲೆ ನೀನೊಬ್ನೇ ಬರ್ಕೊ.”

 ಸಮಾಧಾನ ಹೇಳಿದರೆ ಬೈಯುವ ಆಸಾಮಿ ಅವನು. ಅವನದನ್ನು ಮುಟ್ಟದೆ ನನ್ನ ಹುಲ್ಲಿಗೇ ಬಿಳಿ ಬಳಿದೆ. ಅದು ಒಣಗಿದ ಮೇಲೆ ಕೈಯನ್ನು ಬೇಕೆಂದೇ ನಡುಗಿಸುತ್ತಾ ಮತ್ತೆ ಬರೆಯತೊಡಗಿದೆ. ಸಂಜೆಯ ಹೊತ್ತಿಗೆ ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ಹುಲ್ಲು ಗಾಳಿಗೆ ಓಲಾಡುತ್ತಿತ್ತು. ಅಷ್ಟು ವರ್ಷ ಬರೆದರೂ ನಮ್ಮ ಹುಲ್ಲಿಗೆ ಗಾಳಿ ಬೀಸಿದ್ದು ಅದೇ ಮೊದಲು.

ಅಣ್ಣ ಗೋಡೆಯ ಉದ್ದಕ್ಕೂ ನಡೆದು ನೋಡಿದ. ಆಮೇಲೆ ಡಬ್ಬಕ್ಕೆ ಕೈಹಾಕಿ ಬ್ರಷ್ ಎತ್ತಿಕೊಂಡು ನೀರು ಕೊಡವಿದ.

“ನಿನ್ ಕಡೆ ಗಾಳಿ ಜಾಸ್ತಿ ಆಯ್ತು ಕಣ್ಲಾ,” ಎಂದ. “ವಸಿ ಕಮ್ಮಿ ಮಾಡು.”