ಎದ್ದರೆ ಒಂದು ಅಂಜಲ್

ಆಗಸ್ಟ್ ಹತ್ತು, ಭಾನುವಾರ. ಕುಂದಾಪುರದಲ್ಲಿ ಬೆಳಿಗ್ಗೆ ಜಡಿಮಳೆ, ಮಧ್ಯಾಹ್ನದ ಮೇಲೆ ಮಳೆ ಬಿಟ್ಟು ಹೊಳವು.

ನಾನು ಸಿನಿಮಾ ಹಾಕಿದಲ್ಲೆಲ್ಲ ತೆರೆಯ ಈಚೆಗೂ ಒಂದು ಕತೆ ನಡೆದೇ ನಡೆಯುತ್ತದೆ. ಸಿನಿಮಾ ಮಾತ್ರ ಒಂದೇ. ಸರಣಿ ಕೊಲೆಗಾರನೊಬ್ಬನ ಮನಸ್ಸನ್ನು ಓದುತ್ತ ಓದುತ್ತ ಒಬ್ಬ ಹೆಣ್ಣು ಅಧಿಕಾರಿ ಅವನ ಬೆನ್ನು ಹತ್ತುವ ಹಳೆಯ ಇಂಗ್ಲಿಷ್ ಚಿತ್ರ. ರಕ್ತ ಕಡಿಮೆ. ಮುಚ್ಚಿದ ಬಾಗಿಲ ಮುಂದೆ ಅವಳು ಉಸಿರು ಹಿಡಿದು ನಿಲ್ಲುತ್ತಾಳಲ್ಲ, ಅಷ್ಟಕ್ಕೇ ನಮ್ಮ ಕೈ ತಣ್ಣಗಾಗುತ್ತದೆ. ಇದನ್ನು ಕೊನೆಯವರೆಗೆ ನೋಡಿ, ಆಮೇಲೆ ನನ್ನೊಡನೆ ಮಾತಾಡುವ ಒಬ್ಬರೇ ಒಬ್ಬರು ನನಗೆ ಬೇಕಿದ್ದರು. ಅವಳಿಗೆ ಎರಡು ಗಂಟೆಯಲ್ಲಿ ಕೊಲೆಗಾರ ಸಿಕ್ಕಿದ. ನನಗೆ ವರ್ಷಗಟ್ಟಲೆ ಹುಡುಕಿದರೂ ನೋಡುಗರು ಸಿಕ್ಕಿರಲಿಲ್ಲ.

ಯಾರ ಪೈಕಿ

ಮೊದಲು ಸಿಕ್ಕವರು ಯಡ್ತರೆಯ ಅತ್ತೆ, ಹೆಂಡತಿಯ ತಾಯಿ. ನಾನು ಪಕ್ಕದಲ್ಲಿ ಕುಳಿತು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಕೊಲೆಗಾರ ತೆರೆಗೆ ಬಂದೊಡನೆ ಕೇಳಿದರು, "ಅವ ಯಾರ್ ಪೈಕಿ?"

"ಅವನೇ ಕೊಲೆಗಾರ, ಅತ್ತೆ."

"ಅದ್ ಗೊತ್ತಾಯ್ತ್. ಅಮ್ಮ ಇಲ್ಯಾ?"

"ಇಲ್ಲ."

"ಮದಿ ಆಯ್ತಾ?"

"ಇಲ್ಲ."

ಅತ್ತೆಗೆ ಕನಿಕರ ಉಕ್ಕಿತು. "ಬಿಸಿ ಅನ್ನ ಹಾಕುಕೆ ಜನ ಇಲ್ದೆ ಹೀಂಗಾಯ್ತ್ ಕಾಣಿ. ಒಂದ್ ಹೆಣ್ ಕಾಣ್ಕಿತ್ ಅವ್ನಿಗೆ."

"ಅವನು ಕೊಲ್ಲುವುದೇ ಹೆಣ್ಣುಮಕ್ಕಳನ್ನು."

ಅತ್ತೆ ಸ್ವಲ್ಪ ಯೋಚಿಸಿದರು. "ಹಂಗಾರೆ ನಮ್ ಪೈಕಿ ಹೆಣ್ ಬ್ಯಾಡ" ಎಂದು ಕಾಫಿ ಮಾಡಲು ಎದ್ದವರು ತಿರುಗಿ ಬರಲಿಲ್ಲ.

ಮಾಷ್ಟ್ರ ಕೊಡೆ

ಬ್ರಹ್ಮಾವರದ ನಿವೃತ್ತ ಮಾಷ್ಟ್ರು ನನ್ನ ಸ್ನೇಹಿತರು. ತುಂಬ ಓದಿಕೊಂಡವರು. ಇವರು ಖಂಡಿತ ಕೂರುತ್ತಾರೆ ಎಂದುಕೊಂಡೆ. ಕಾಲು ಗಂಟೆ ಕೂತರು. ಆಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡರು.

"ನನಗೆ ಬಿ.ಪಿ. ಮಾರಾಯ್ರೆ. ಇವ ಕಡೆಗೆ ಸಿಕ್ತಾನಾ ಇಲ್ವಾ, ಅದನ್ನು ಮೊದಲು ಹೇಳಿ."

ಪ್ರಾಣದ ಪ್ರಶ್ನೆ ಎಂದು ಹೇಳಿಬಿಟ್ಟೆ, "ಸಿಗುತ್ತಾನೆ."

ಮಾಷ್ಟ್ರು ನೆಮ್ಮದಿಯಿಂದ ಉಸಿರು ಬಿಟ್ಟು ಕೊಡೆ ತೆಗೆದುಕೊಂಡರು. "ಸಿಕ್ಕಿದ ಮೇಲೆ ಮತ್ತೆಂತ ಕಾಂಬುದು?"

ಪಂಥ

ಕೊನೆಗೆ ಉಳಿದವರು ಉಪ್ಪುಂದದ ಭಾವ, ಹೆಂಡತಿಯ ಅಣ್ಣ. ಮೀನು ವ್ಯಾಪಾರಿ. ಜುಲೈಯಲ್ಲಿ ಮಳೆಗಾಲದ ನಿಷೇಧದಿಂದ ಬೋಟು ಕಡಲಿಗೆ ಇಳಿಯದ ಕಾರಣ ನಮ್ಮ ಮನೆಗೆ ಬಂದಿದ್ದರು. ಹಾಡಿಲ್ಲದ ಸಿನಿಮಾದ ಎದುರು ಅಣ್ಣ ಅರ್ಧ ಗಂಟೆಯೂ ಕೂರುವ ಜನ ಅಲ್ಲ ಎಂದು ಹೆಂಡತಿ ಕೆಣಕಿದಳು.

"ಮುಗೂವರಿಗೆ ಕುರ್ಚಿ ಬಿಟ್ ಏಳೂದಿಲ್ಲೆ" ಎಂದರು ಭಾವ. "ಎದ್ರೆ, ಬೋಟ್ ಶುರುವಾದ್ ಕೂಡ್ಲೆ ಇಡೀ ಒಂದ್ ಅಂಜಲ್ ಮೀನ್ ನಿಮ್ಮನಿಗೆ."

ಕೊಲೆಗಾರ ಬಂದ. ಭಾವ ಯಕ್ಷಗಾನದ ಹುಚ್ಚಿನವರು; ಅಲ್ಲಿ ರಾಕ್ಷಸನಿಗೆ ಬಣ್ಣದ ವೇಷ, ಅದು ಬಂದರೆ ಚೆಂಡೆ ಬಡಿಯಲೇಬೇಕು. ಕಣ್ಣರಳಿಸಿ, "ಬಣ್ಣದ ವೇಷ ಬಂತ್! ಚೆಂಡೆ ಎಲ್ಲಿ?" ಎಂದರು.

"ಇದರಲ್ಲಿ ಚೆಂಡೆ ಇಲ್ಲ ಭಾವ. ನಿಮ್ಮ ಎದೆಯಲ್ಲೇ ಬಡಿಯುತ್ತದೆ, ಕೇಳಿ."

ಭಾವ ತೆರೆಯ ಕಡೆಗೆ ಬಗ್ಗಿ ಕೂತರು. ಹೆಂಡತಿ ತಂದಿಟ್ಟ ಗೋಳಿಬಜೆ ತಣ್ಣಗಾಯಿತು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ನಾನು ತೆರೆ ಬಿಟ್ಟು ಭಾವನನ್ನೇ ನೋಡುತ್ತಿದ್ದೆ.

ಆ ಬಾಗಿಲು ಬಂತು. ಅವಳು ಕತ್ತಲೆಯೊಳಗೆ ಕಾಲಿಟ್ಟಳು. ಅವನು ಅವಳ ಹಿಂದೆಯೇ ನಿಂತಿದ್ದ. ಭಾವ ಚಂಗನೆ ಎದ್ದರು. ಹರಾಜಿನಲ್ಲಿ ಕೂಗಿ ಪಳಗಿದ ಗಂಟಲು, "ಹ್ವಾಯ್ ಹೆಣ್ಣೇ! ಹಿಂದ್ ಕಾಣ್! ಕತ್ಲಂಗೆ ಒಬ್ಳೇ ಹೋಪ್ದಾ?"

ಪಕ್ಕದ ಮನೆಯವರು ಕಾಯಿ ಕೀಳುವ ದೋಟಿ ಹಿಡಿದು ಓಡಿ ಬಂದರು.

ಪಂಥ ಸೋತಾಗಿತ್ತು. ಭಾವ ಕೂರಲಿಲ್ಲ, ಹೋಗಲೂ ಇಲ್ಲ. ಉಳಿದದ್ದನ್ನು ನಿಂತೇ ನೋಡಿದರು. ರಾತ್ರಿಯೇ ಉಪ್ಪುಂದಕ್ಕೆ ಮರಳಿದವರದು ಮರುದಿನ ಬೆಳಿಗ್ಗೆ ಫೋನು: "ಭಾವ, ಆ ಹೆಣ್ ಬಾಗ್ಲಲ್ಲಿ ನಿಂತಿತ್ತಲೆ, ಅವ ಒಳ್ಗ್ ಇದ್ದದ್ ಆಗ್ಳೇ ಅದ್ಕೆ ಗೊತ್ತಿತ್ತ್, ಅಲ್ದಾ?" ನಾನು ಕುರ್ಚಿ ಎಳೆದುಕೊಂಡೆ. ಮಿತಭಾಷಿ ಎಂದು ಹೆಸರಾದವನು ಮಧ್ಯಾಹ್ನದವರೆಗೆ ಮಾತಾಡಿದೆ.

ಇವತ್ತು ಸಂಜೆ ಪಂಥದ ಸುದ್ದಿ ಕೇಳಿ ಮಾಷ್ಟ್ರು ಬಂದರು. ಕೊಡೆ ಮೂಲೆಗಿಡುವ ಮೊದಲೇ ಕೇಳಿದರು, "ನಿಮ್ಮ ಭಾವ ಕಡೆಗೆ ಎಂತ ಕೊಟ್ರು, ಅದನ್ನು ಮೊದಲು ಹೇಳಿ."

"ಅಂಜಲ್ ತಂದರು. ಇಡೀ. ಜೊತೆಗೆ ಮನೆಮಂದಿ ಎಂಟು ಜನರನ್ನೂ ತಂದರು, ಸಿನಿಮಾ ತೋರಿಸಲಿಕ್ಕೆ. ಆ ಬಾಗಿಲು ಬಂದಾಗ ಎಲ್ಲರೂ ಎದ್ದು ನಿಂತವರು, ಮುಗಿದ ಮೇಲೆ ಹಾಗೇ ಊಟಕ್ಕೆ ನಡೆದರು."

"ನೀವು?"

"ಕೂತಿದ್ದವನು ನಾನೊಬ್ಬ. ಎದ್ದು ಊಟಕ್ಕೆ ಹೋಗುವಷ್ಟರಲ್ಲಿ ಅಂಜಲಿನಲ್ಲಿ ಉಳಿದದ್ದು ಬಾಲದ ತುಂಡು."