ಸೋರಿಕೆ ನೋಟಿಸು

ಮಗುವಿಗೆ ಓದು ಯಾಕೆ ತೊಡಕಾಗುತ್ತದೆ ಎಂಬುದು ಅದರ ತಾಯಿಗೆ ತಿಳಿಯಬಾರದ ಸಂಗತಿ. ಹರಿಹರದ ಒಂದು ಅನುದಾನಿತ ಶಾಲೆಯ ದಾಖಲೆ ನಿರ್ವಹಣಾ ನಿಯಮ ಹನ್ನೊಂದರಲ್ಲಿ ಇದನ್ನು ಸ್ಪಷ್ಟವಾಗಿ ನಮೂದಿಸಲಾಗಿದೆ.

ರೂಪಶ್ರೀಗೆ ಈ ನಿಯಮ ಗೊತ್ತಿರಲಿಲ್ಲ. ಗಂಡನಿಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಕೆಲಸ ಸಿಕ್ಕಿ, ಸಂಸಾರ ಹರಿಹರ ಬಿಟ್ಟು ಸರಸ್ವತಿ ನಗರಕ್ಕೆ ಬಂದಿತ್ತು. ಒಂಬತ್ತು ವರ್ಷದ ಮಗಳು ಸ್ನೇಹಾಗೆ ಅಕ್ಷರಗಳು ಕಣ್ಣೆದುರಿಗೇ ಅದಲುಬದಲಾಗುತ್ತಿದ್ದವು. 'ವನ' ಅಂತ ಬರೆದಿದ್ದರೆ 'ಮನ' ಅಂತ ಓದುವಳು, ನಾಚಿ ಪುಸ್ತಕ ಮುಚ್ಚುವಳು. ಹಳೇ ಶಾಲೆಯಲ್ಲಿ ರುಕ್ಸಾನಾ ಟೀಚರ್ ಮೂರು ವರ್ಷ ಅವಳಿಗೆ ಬೇರೆಯಾಗಿ ಪಾಠ ಮಾಡಿ, ಯಾವುದು ನಾಟಿತು, ಯಾವುದು ನಾಟಲಿಲ್ಲ ಎಂದು ಒಂದು ಫೈಲು ಬರೆದಿಟ್ಟು ನಿವೃತ್ತರಾಗಿದ್ದರು.

"ಆ ಫೈಲು ತಂದ್ರೆ ಬಿಟ್ಟಲ್ಲಿಂದ ಶುರು ಮಾಡ್ತೀನ್ರಿ. ಅಲ್ಲೀತನಕ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂಡ್ಲಿ," ಅಂದರು ಹೊಸ ಶಾಲೆಯ ಭವ್ಯಾ ಟೀಚರ್.

"ಹೆಂಗೆ ಕಲಿಸ್ತಿದ್ರು ಅಂತ ನಾನೇ ಹೇಳ್ತೀನಿ ಮೇಡಂ."

"ಬಾಯಿಮಾತು ನಡೆಯಲ್ರಿ. ಸೀಲು ಬೇಕು."

ರೂಪಶ್ರೀ ಹರಿಹರದ ಬಸ್ಸು ಹತ್ತಿದಳು. ಹಳೇ ಶಾಲೆಯ ಗುಮಾಸ್ತ ಮೈಲಪ್ಪ ಕುರ್ಚಿ ಎಳೆದುಕೊಟ್ಟ, ಟೀ ತರಿಸಿದ. ಆ ಕಚೇರಿಯಲ್ಲಿ ಯಾರೂ ಒರಟಾಗಿ ಮಾತಾಡುವುದಿಲ್ಲ.

"ಫೈಲು ಐತ್ರಿ ಅಮ್ಮಾರೆ. ಆದ್ರೆ ಐತೆ ಅನ್ನೋದೂ ಗೌಪ್ಯ. ನಾನು ಹೇಳಿಲ್ಲ ಅಂತ ತಿಳ್ಕೊಳ್ರಿ."

"ನನ್ನ ಮಗಳದೇ ಅಲ್ಲೇನ್ರಿ?"

"ಅದು ರುಜುವಾತಾಗ್ಬೇಕು. ಒಳಗೆ ಏನೈತೆ ಹೇಳ್ರಿ, ತಾಳೆ ನೋಡ್ತೀನಿ."

ರೂಪಶ್ರೀ ಹೇಳಿದಳು. ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ತಿದ್ದಿಸಿದರೆ ಅಕ್ಷರ ನಿಲ್ಲುತ್ತದೆ. ಓದುವಾಗ ಒಂದು ಸಾಲು ಬಿಟ್ಟು ಉಳಿದದ್ದನ್ನು ರಟ್ಟಿನಿಂದ ಮುಚ್ಚಬೇಕು. ಮಧ್ಯಾಹ್ನದ ಮೇಲೆ ಓದಿಸಿ ಪ್ರಯೋಜನವಿಲ್ಲ. ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದು ಅಂದರೆ ಎರಡು ದಿನ ಮಾತೇ ಆಡುವುದಿಲ್ಲ. ಹೀಗೆ ಏಳು ಪುಟ. ಮೈಲಪ್ಪ ಎಲ್ಲ ಬರೆದುಕೊಂಡು, ಒಳಗೆ ಹೋಗಿ ಬೀರು ತೆಗೆದು ತಾಳೆ ನೋಡಿ, ಮುಖ ಸಣ್ಣದು ಮಾಡಿಕೊಂಡು ಬಂದ.

"ಒಂದಕ್ಷರ ತಪ್ಪಿಲ್ರಿ."

"ಹಂಗಾದ್ರೆ ಕೊಡ್ರಿ."

"ಹೆಂಗೆ ಕೊಡ್ಲಿ? ಗೌಪ್ಯ ಮಾಹಿತಿ ಸೋರಿಕೆ ಆಗೈತಲ್ಲ."

ಮೂರನೇ ದಿನಕ್ಕೆ ನೋಟಿಸು ಬಂತು: "ಈ ಕಚೇರಿಯ ಬೀರುವಿನಲ್ಲಿ ಬೀಗಮುದ್ರೆಯಲ್ಲಿರುವ ಮಾಹಿತಿಯು ತಮ್ಮ ಬಳಿ ಇರುವುದು ಕಂಡುಬಂದಿದ್ದು, ಅದು ತಮಗೆ ಯಾವ ಮೂಲದಿಂದ ದೊರೆಯಿತೆಂಬುದಕ್ಕೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."

ಅಷ್ಟರಲ್ಲಿ ಸ್ನೇಹಾ ಒಂದನೇ ಕ್ಲಾಸಿನ ಪುಟ್ಟ ಡೆಸ್ಕಿನಡಿ ಮೊಣಕಾಲು ಹಿಡಿಸದೆ ಪಕ್ಕಕ್ಕೆ ತಿರುಗಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು. ಬಾಗಿಲಲ್ಲಿ ನಿಂತು ಅದನ್ನು ಕಂಡ ದಿನ ರೂಪಶ್ರೀ ಒಳಗೆ ಹೋಗದೆ ಹಿಂದಿರುಗಿದಳು. ಮನೆಗೆ ಬಂದವಳೇ ಕಚೇರಿಯ ಭಾಷೆಯಲ್ಲೇ ಉತ್ತರ ಬರೆದಳು: "ಸದರಿ ಮಗುವನ್ನು ನಾನೇ ಹೆತ್ತಿರುತ್ತೇನೆ. ಪ್ರತಿದಿನ ಸಂಜೆ ಅದರ ಪಕ್ಕದಲ್ಲಿ ಕೂತಿರುತ್ತೇನೆ. ಮಾಹಿತಿಯು ಅಲ್ಲಿಂದ ಸೋರಿಕೆಯಾಗಿರುತ್ತದೆ."

ಹರಿಹರದಲ್ಲಿ ಮುಖ್ಯೋಪಾಧ್ಯಾಯ ವಾಮದೇವಪ್ಪನವರು ತುರ್ತು ಸಭೆ ಕರೆದರು. ತಪ್ಪೊಪ್ಪಿಗೆ ಅಂಗೀಕಾರವಾಯಿತು. ಸೋರಿದ್ದು ಗೌಪ್ಯವಲ್ಲವಾದ್ದರಿಂದ ಮೈಲಪ್ಪ ಬರೆದುಕೊಂಡ ಆ ಏಳು ಪುಟಗಳನ್ನು ಕೊಡಬಹುದೆಂದೂ, ಸೋರದೆ ಉಳಿದಿರುವ ಮೂಲ ಫೈಲು ಬೀರುವಿನಲ್ಲೇ ಇರತಕ್ಕದ್ದೆಂದೂ ಠರಾವಾಯಿತು. ವಾಮದೇವಪ್ಪನವರು ಪ್ರತಿ ಪುಟಕ್ಕೂ 'ಮೂಲದಂತಿದೆ' ಎಂದು ಸೀಲು ಒತ್ತಿದರು.

"ಮೂಲ ಕೊಡಾಕ ಬರಂಗಿಲ್ಲಮ್ಮ, ಬ್ಯಾಸರ ಮಾಡ್ಕೋಬ್ಯಾಡ್ರಿ," ಅಂದರು ಸಂಕೋಚದಿಂದ. "ಸದ್ಯ ಸೋರಿದ್ದನ್ನ ತಗೊಂಡು ಹೋಗ್ರಿ."

ಭವ್ಯಾ ಟೀಚರ್ ಏಳು ಪುಟವನ್ನೂ ನಿಂತಲ್ಲೇ ಓದಿದರು. "ಎಷ್ಟು ಹತ್ತಿರದಿಂದ ನೋಡಿ ಬರೆದಾರ್ರಿ. ಬಾಯಿಮಾತಿಗೂ ಆಫೀಸಿನ ಕಾಗದಕ್ಕೂ ಇದೇ ವ್ಯತ್ಯಾಸ."

"ಹೌದ್ರಿ," ಅಂದಳು ರೂಪಶ್ರೀ. ಮರುದಿನ ಸ್ನೇಹಾ ನಾಲ್ಕನೇ ಕ್ಲಾಸಿನಲ್ಲಿ ಕಾಲು ಚಾಚಿ ಕೂತಳು.

ಈ ಕ್ರಮ ಬಹಳ ಅನುಕೂಲವೆಂದು ಕಂಡದ್ದರಿಂದ ಹರಿಹರದ ಶಾಲೆ ಅದನ್ನೇ ಸುತ್ತೋಲೆಯಾಗಿ ಹೊರಡಿಸಿದೆ. ವಿಶೇಷ ಶಿಕ್ಷಣದ ದಾಖಲೆ ಬೇಕಾದವರು ಮೊದಲು ಸೋರಿಕೆ ಮಾಡಬೇಕು. ಬುಧವಾರಗಳಂದು ನೋಟಿಸು ಕೊಡಲಾಗುವುದು. ಪೋಷಕರಿಂದ ಈವರೆಗೆ ಯಾವ ತಕರಾರೂ ಬಂದಿಲ್ಲ. ಮೊನ್ನೆ ಅಂಜನಕುಮಾರ ಎಂಬುವವರು ಮಗನ ಫೈಲು ಕೇಳಿಕೊಂಡು ಹೋದಾಗ, ಒಳಗೆ ಏನಿದೆ ಎಂದು ಮೈಲಪ್ಪ ಕೇಳಿದ.

"ಅವ್ನಿಗೆ ಲೆಕ್ಕ ಸ್ವಲ್ಪ ಕಷ್ಟ ಅಂತ ಕಾಣ್ತೈತ್ರಿ."

"ಇಷ್ಟಕ್ಕೆಲ್ಲ ನೋಟಿಸು ಕೊಡಾಕ ಬರಂಗಿಲ್ರಿ," ಅಂದ ಮೈಲಪ್ಪ, ಪಾಪ, ನಿಜವಾಗಿಯೂ ನೊಂದುಕೊಂಡು.

ಅಂಜನಕುಮಾರ ಅದು ನ್ಯಾಯವೇ ಅಂತ ಒಪ್ಪಿಕೊಂಡು ಒಂದು ವಾರ ರಜೆ ಹಾಕಿದ್ದಾರೆ. ದಿನಾ ಸಂಜೆ ಮಗನ ಪಕ್ಕದಲ್ಲಿ ಕೂತು, ಅವನು ಎಲ್ಲಿ ತಡವರಿಸುತ್ತಾನೆ, ಯಾವಾಗ ನಗುತ್ತಾನೆ ಎಂದು ಬರೆದುಕೊಳ್ಳುತ್ತಾ, ಸೋರಿಕೆಗೆ ಬೇಕಾದ್ದನ್ನು ಕೂಡಿಹಾಕುತ್ತಿದ್ದಾರೆ.